ನವಿಲಿಗಾಗಿ ಕಾದ ಬ್ಯಾಕಪ್ಪು

ಡಿಸ್ಕು ಟಿಕ್ ಎಂದಿತು. ಗಡಿಯಾರದ ಹಾಗೆ ಒಂದೇ ಸಮನೆ ಅಲ್ಲ. ಗೋಡೆಯ ಮೇಲಿನ ಹಲ್ಲಿ ಯಾರದೋ ಮಾತಿಗೆ ಲೊಚಗುಟ್ಟುವ ಹಾಗೆ, ಸ್ವಲ್ಪ ಹೊತ್ತು ಸುಮ್ಮನಿದ್ದು, ನಾವು ಅದನ್ನು ಮರೆತಿದ್ದೇವೆ ಎಂದು ಖಾತ್ರಿ ಮಾಡಿಕೊಂಡು, ಮತ್ತೆ ಟಿಕ್. ಪ್ರತಿ ಸಲವೂ ಪಕ್ಕದ ಮೇಜಿನಲ್ಲಿದ್ದ ಅಕೌಂಟೆಂಟ್ ಶೇಷಾದ್ರಿಯವರು ಬೆರಳಿನಿಂದ ಮೇಜು ಕುಟ್ಟಿ 'ಕೃಷ್ಣ ಕೃಷ್ಣ' ಅನ್ನುತ್ತಿದ್ದರು. ಹಲ್ಲಿ ನುಡಿದಾಗ ಆಡುತ್ತಿದ್ದ ಮಾತು ನಿಜವಾಗುತ್ತದಂತೆ. ಒಂದು ದಿನ ಅವರು ಫೋನಿನಲ್ಲಿ, ನಮ್ಮ ಮಾವನವರು ಈ ವಾರ ಬಂದರೂ ಬರಬಹುದು ಎಂದು ಯಾರಿಗೋ ಹೇಳುತ್ತಿದ್ದರು. ಡಿಸ್ಕು ಟಿಕ್ ಎಂದಿತು. ಮಾವ ಬಂದರು. ಬಂದವರು ಹೋಗುವ ಮಾತೆತ್ತಲಿಲ್ಲ. ಅಂದಿನಿಂದ ಶೇಷಾದ್ರಿಯವರಿಗೆ ಆ ಡಿಸ್ಕಿನ ಬಗ್ಗೆ ನನಗಿಂತ ಹೆಚ್ಚು ಭಯ.

ಸ್ವಭಾವದಿಂದ ನಾನು ಇನ್ನೊಬ್ಬರ ಗೊಡವೆಗೆ ಹೋಗುವವಳಲ್ಲ. ನನ್ನ ಗೊಡವೆಗೆ ಯಾರೂ ಬರದಿರಲಿ ಎಂಬ ಸ್ವಾರ್ಥವೇ ಇದಕ್ಕೆ ಕಾರಣ. ಬಸ್ಸಿನಲ್ಲಿ ಪಕ್ಕದವರು ಮಾತಿಗೆಳೆದರೆ ಊರಿನ ಹೆಸರು ಹೇಳಿ ಕಿಟಕಿಯ ಕಡೆ ತಿರುಗಿಬಿಡುತ್ತೇನೆ. ಊಟಕ್ಕೆ ಏಳುವಾಗ ಮೇಜಿನ ಡ್ರಾಯರಿಗೆ ಬೀಗ ಹಾಕುತ್ತೇನೆ. ಒಳಗಿರುವುದು ಒಂದು ಬಾಚಣಿಗೆ, ಒಂದು ಪೆನ್ಸಿಲ್ಲು. ಇಂಥವಳಿಗೆ ವಿಧಿ ಹುಡುಕಿ ಕೊಟ್ಟ ಕೆಲಸವೆಂದರೆ, ಕಚೇರಿಯ ಎಲ್ಲರ ಕಂಪ್ಯೂಟರಿನಲ್ಲೂ ಏನೇನಿದೆ ಎಂದು ಇಣುಕಿ, ಅದನ್ನೆಲ್ಲ ಟೇಪಿಗೆ ತುಂಬಿ ಕಾಪಾಡುವುದು.

ಕಚೇರಿ ಎಂದರೆ ದೊಡ್ಡಬಳ್ಳಾಪುರದಲ್ಲಿ ನಂಜುಂಡಪ್ಪನವರ ಸೀರೆ ಕಾರ್ಖಾನೆಯ ಮುಂಭಾಗ. ಹಿಂಭಾಗದಲ್ಲಿ ಪವರ್‌ಲೂಮುಗಳ ಶೆಡ್ಡು. ನಡುವೆ ಗೋಡೆಯಿದೆ, ಆದರೆ ಹೆಸರಿಗಷ್ಟೇ. ಮಗ್ಗದ ಸದ್ದಿನ ಮೇಲೆ ಮಾತಾಡಿ ಮಾತಾಡಿ ನಮ್ಮೂರಿನವರ ಗಂಟಲೇ ದೊಡ್ಡದಾಗಿಹೋಗಿದೆ, ಗುಟ್ಟನ್ನೂ ಕೂಗಿಯೇ ಹೇಳುತ್ತಾರೆ. ಎಂ.ಎಸ್ಸಿ.ಯಲ್ಲಿ ಗಣಿತ ಓದಿದ್ದ ನನ್ನನ್ನು ನಂಜುಂಡಪ್ಪನವರು ಕಂಪ್ಯೂಟರು ನೋಡಿಕೊಳ್ಳುವುದಕ್ಕೆ ಸೇರಿಸಿಕೊಂಡರು. ಗಣಿತಕ್ಕೂ ಇದಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಓದಿದ ಹುಡುಗಿ, ಗೊತ್ತಿರುತ್ತದೆ ಎಂದುಕೊಂಡರು. ಗೊತ್ತಿರಲಿಲ್ಲ. ಹಟ ಹಿಡಿದು ಪುಸ್ತಕ ತರಿಸಿ ಓದಿ ಗೊತ್ತು ಮಾಡಿಕೊಂಡೆ. ಕಪ್ಪು ಕೇಬಲ್ಲಿನಿಂದ ಒಂದಕ್ಕೊಂದು ಪೋಣಿಸಿದ ನಾಲ್ಕಾರು ಕಂಪ್ಯೂಟರು, ಮೂಲೆಯಲ್ಲಿ ಟೇಪು ನುಂಗುವ ಒಂದು ಪೆಟ್ಟಿಗೆ, ಇವು ನನ್ನ ಸಂಸಾರ.

ಟಿಕ್ ಎನ್ನುತ್ತಿದ್ದ ಡಿಸ್ಕು ಇದ್ದದ್ದು ಮುನಿಸ್ವಾಮಪ್ಪನವರ ಕಂಪ್ಯೂಟರಿನಲ್ಲಿ. ಅವರು ನಮ್ಮ ಡಿಸೈನರು. ಅರವತ್ತು ದಾಟಿದವರು. ಮೊದಲು ಕೈಮಗ್ಗದಲ್ಲಿ ನೇಯುತ್ತಿದ್ದು, ಆಮೇಲೆ ಗ್ರಾಫ್ ಕಾಗದದ ಮೇಲೆ ಅಂಚು ಸೆರಗುಗಳ ಡಿಸೈನು ಬರೆಯುತ್ತಿದ್ದು, ಕೊನೆಗೆ ನನ್ನ ಮಾತು ಕೇಳಿ ಕಂಪ್ಯೂಟರಿನ ಮುಂದೆ ಕೂತವರು. ನಮ್ಮ ಬೀದಿಯವರೇ ಆದ್ದರಿಂದ ಚಿಕ್ಕಂದಿನಿಂದ ಅವರನ್ನು ಮಾಮ ಎಂದು ಕರೆದು ಅಭ್ಯಾಸ. ಕಾಗದದಲ್ಲಿ ಬರೆದದ್ದು ಹರಿಯುತ್ತದೆ, ಇಲಿ ತಿನ್ನುತ್ತದೆ, ಕಂಪ್ಯೂಟರಿನಲ್ಲಿ ಬರೆದದ್ದು ಎಲ್ಲಿಗೂ ಹೋಗುವುದಿಲ್ಲ ಎಂದು ನಾನೇ ಅವರಿಗೆ ಭರವಸೆ ಕೊಟ್ಟಿದ್ದೆ. ಬೇರೆಯವರಿಗೆ ಭರವಸೆ ಕೊಡುವ ಅಭ್ಯಾಸ ನನಗಿಲ್ಲ. ಜೀವನದಲ್ಲಿ ಕೊಟ್ಟದ್ದು ಅದೊಂದೇ.

ಅವರು ಕಂಪ್ಯೂಟರಿಗೆ ಬಂದರು, ಆದರೆ ಮಗ್ಗದಿಂದ ಇಳಿದು ಬರಲಿಲ್ಲ. ಮಗ್ಗಕ್ಕೆ ಒಂದು ಹಾಸು ಏರಿಸಿದರೆ, ಅಂದರೆ ಉದ್ದದ ನೂಲುಗಳನ್ನು ಕಟ್ಟಿದರೆ, ಅದರಲ್ಲಿ ಒಂದರ ಹಿಂದೊಂದು ಹಲವು ಸೀರೆಗಳನ್ನು ನೇಯುತ್ತಾರೆ. ಮುನಿಸ್ವಾಮಪ್ಪನವರೂ ಹಾಗೆಯೇ, ಮೊದಲ ದಿನ ತೆರೆದ ಫೈಲಿನಲ್ಲೇ ಒಂದರ ಕೆಳಗೊಂದು ಡಿಸೈನು ಬರೆಯುತ್ತಾ ಹೋದರು. ಮಾವಿನಕಾಯಿ ಅಂಚು, ಅದರ ಕೆಳಗೆ ಹಂಸದ ಅಂಚು, ಅದರ ಕೆಳಗೆ ರುದ್ರಾಕ್ಷಿ, ಹೀಗೆ ತಿಂಗಳುಗಟ್ಟಲೆ. ಹೊಸ ಫೈಲು ಮಾಡಿ ಮಾಮ ಎಂದರೆ, 'ಹಾಸು ಇನ್ನೂ ಮುಗಿದಿಲ್ವಲ್ಲಮ್ಮ' ಅನ್ನುತ್ತಿದ್ದರು. ಫೈಲನ್ನು ಮುಚ್ಚುವುದೂ ಇಲ್ಲ. ಆಗಾಗ ಉಳಿಸುವುದನ್ನು ಮಾತ್ರ ಕಲಿತಿದ್ದರು. ಊಟಕ್ಕೆ ಹೋಗುವಾಗ, ಸಂಜೆ ಮನೆಗೆ ಹೋಗುವಾಗ, ಮಾನಿಟರಿನ ಮೇಲೆ ಒಂದು ಒಗೆದ ಟವೆಲ್ಲು ಹೊದಿಸಿ ಕೈ ಮುಗಿದು ಹೊರಡುತ್ತಿದ್ದರು. ಒಳಗೆ ಕಂಪ್ಯೂಟರು ಎಚ್ಚರವಾಗಿಯೇ ಇರುತ್ತಿತ್ತು.

ಟಿಕ್ ಸದ್ದಿನ ಬಗ್ಗೆ, ಬೆಂಗಳೂರಿನಲ್ಲಿ ಕಂಪ್ಯೂಟರು ರಿಪೇರಿಯ ಅಂಗಡಿ ಇಟ್ಟಿರುವ ಎಂಜಿನಿಯರಿಗೆ ಫೋನು ಮಾಡಿದೆ. ಫೋನಿನಲ್ಲೇ ಡಿಸ್ಕಿನ ಸದ್ದು ಕೇಳಿಸಿಕೊಂಡು ಆತ ಡಾಕ್ಟರರ ಹಾಗೆ ಇನ್ನೊಮ್ಮೆ ಕೇಳಿಸಿ ಎಂದರು. ಆಮೇಲೆ ಹೇಳಿದರು: ಏನೇ ಆದರೂ ಅದನ್ನು ಆಫ್ ಮಾಡಬೇಡಿ, ತಿರುಗುತ್ತಾ ಇರುವವರೆಗೆ ಬದುಕಿರುತ್ತದೆ, ಒಮ್ಮೆ ನಿಂತರೆ ಮತ್ತೆ ತಿರುಗುವುದು ಅನುಮಾನ, ಅಷ್ಟರೊಳಗೆ ಬ್ಯಾಕಪ್ ತೆಗೆದುಕೊಳ್ಳಿ. ಕಾರ್ಖಾನೆಯಲ್ಲಿ ರಾತ್ರಿ ಪಾಳಿಯೂ ನಡೆಯುವುದರಿಂದ ಕರೆಂಟಿನ ಮೈನ್ ಸ್ವಿಚ್ಚು ಎಂದೂ ಇಳಿಯುವುದಿಲ್ಲ. ಕರೆಂಟು ಹೋದರೆ ಊಟದ ಹೊತ್ತಿನಷ್ಟು ತಾಳುವ ಯುಪಿಎಸ್ ಇದೆ. ಹಾಗಾಗಿ ನಾನು ನಿರಾಳವಾಗಿ ಫೋನು ಇಟ್ಟೆ. ಇಟ್ಟ ಮೇಲೆ ಗೋಡೆಯ ಕ್ಯಾಲೆಂಡರು ಕಣ್ಣಿಗೆ ಬಿತ್ತು. ಅಮಾವಾಸ್ಯೆ ಬರುತ್ತಿತ್ತು.

ನೇಕಾರರ ಊರಿನಲ್ಲಿ ಭಾನುವಾರಕ್ಕೆ ಅಂಥ ಮರ್ಯಾದೆಯೇನಿಲ್ಲ. ರಜೆ ಎಂದರೆ ಅಮಾವಾಸ್ಯೆ. ಅಂದು ಮಗ್ಗ ಮುಟ್ಟುವುದಿಲ್ಲ. ನಮ್ಮ ಕಾರ್ಖಾನೆಯಲ್ಲಿ ಬೆಳಿಗ್ಗೆಯೇ ಮಗ್ಗಗಳಿಗೆ ಪೂಜೆ ಮಾಡಿ, ನಂಜುಂಡಪ್ಪನವರು ತಮ್ಮ ಕೈಯಾರೆ ಮೈನ್ ಎಳೆಯುತ್ತಾರೆ. ಶೆಡ್ಡಿಗೂ ಕಚೇರಿಗೂ ಒಂದೇ ಮೈನು. ಮರುದಿನದವರೆಗೆ ಇಡೀ ಕಟ್ಟಡ ಉಸಿರು ಬಿಗಿಹಿಡಿದು ಮಲಗುತ್ತದೆ. ಮುನಿಸ್ವಾಮಪ್ಪನವರ ಫೈಲಿಗೂ ಅದೊಂದೇ ವಿರಾಮ, ಮರುದಿನ ಬಂದು ಅದನ್ನೇ ಮತ್ತೆ ತೆರೆಯುತ್ತಿದ್ದರು. ಈ ಒಂದು ಸಲ ಕಚೇರಿಗೆ ಕರೆಂಟು ಬಿಡಿ ಎಂದು ಅವರನ್ನು ಕೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ. ನಮ್ಮ ತಂದೆಯ ಕಾಲದಿಂದ ನಡೆದು ಬಂದದ್ದನ್ನು ಒಂದು ಡಿಸ್ಕಿಗೋಸ್ಕರ ಬಿಡಲೇ ಎಂದು ನನ್ನನ್ನೇ ಕೇಳಿದರು. ಆಮೇಲೆ, ಅಷ್ಟು ದುಡ್ಡು ಕೊಟ್ಟು ಬ್ಯಾಕಪ್ಪಿನ ಸಾಫ್ಟ್‌ವೇರ್ ತರಿಸಿದ್ದು ಯಾತಕ್ಕೆ ಎಂದರು. ಎರಡನೆಯ ಪ್ರಶ್ನೆಗೆ ಉತ್ತರ ಕೊಡುವ ಜವಾಬ್ದಾರಿ ನನ್ನದಾಗಿತ್ತು.

ಆ ಸಾಫ್ಟ್‌ವೇರನ್ನು ಬಿಚ್ಚಿದರೆ ಮೊದಲು ಸಿಗುವುದು ಗ್ಲೋಬಲ್ ಸೆಟ್ಟಿಂಗ್ಸ್ ಎಂಬ ಪುಟ. ಅಲ್ಲಿ ಒಂದು ಸಲ ಬರೆದದ್ದು ಎಲ್ಲ ಕಂಪ್ಯೂಟರುಗಳಿಗೂ ಅನ್ವಯ. ದೊಡ್ಡ ಕುಟುಂಬದ ಸಾರಿನ ಉಪ್ಪಿನ ಹಾಗೆ. ಒಬ್ಬರಿಗೆ ರಕ್ತದೊತ್ತಡ, ಇನ್ನೊಬ್ಬರಿಗೆ ಸಪ್ಪೆ ಸೇರದು, ಆದರೆ ಪಾತ್ರೆ ಒಂದೇ. ಸಾರು ಮಾಡುವವಳಿಗೆ ಬೈಗುಳ ಖಚಿತ. ನಂಜುಂಡಪ್ಪನವರಿಗೆ ಹೆಸರಿನಲ್ಲೇ ಅನುಮಾನ ಹುಟ್ಟಿತು. ಪೇಪರಿನಲ್ಲಿ ದಿನಾ ಜಾಗತೀಕರಣದ ಸುದ್ದಿ ಓದುತ್ತಿದ್ದ ಕಾಲವದು. 'ಗ್ಲೋಬಲ್ ಅಂದ್ರೆ ನಮ್ ಡಿಸೈನು ಸೂರತ್ತಿನ ಮಿಲ್ಲಿನೋರಿಗೂ ಹೋಗುತ್ತೇನಮ್ಮಾ?' ಎಂದು ಗಂಟಲು ತಗ್ಗಿಸಿ ಕೇಳಿದರು. ಅಷ್ಟು ತಗ್ಗಿಸಿದ ಗಂಟಲೂ ಶೆಡ್ಡಿನವರೆಗೆ ಕೇಳಿಸಿತು. ಇಲ್ಲ, ಇದರ ಜಗತ್ತು ನಮ್ಮ ಕಚೇರಿಯ ಬಾಗಿಲಿಗೆ ಮುಗಿಯುತ್ತದೆ ಎಂದು ಸಮಾಧಾನ ಹೇಳಿದೆ.

ಬ್ಯಾಕಪ್ಪಿನ ಹೊತ್ತು ಗೊತ್ತು ಮಾಡಬೇಕಿತ್ತು. ಸಂಜೆಯಾದರೆ ಉಳಿದವರು ತಮ್ಮ ಕಂಪ್ಯೂಟರು ಆಫ್ ಮಾಡಿ ಹೋಗುತ್ತಾರೆ, ಆದ್ದರಿಂದ ಊಟದ ಹೊತ್ತೇ ಸರಿ ಎಂದೆ. ಶೇಷಾದ್ರಿಯವರು ಪಂಚಾಂಗ ತೆಗೆದರು. ಬುಧವಾರ ಊಟದ ಹೊತ್ತಿಗೆ ರಾಹುಕಾಲ, ಗುರುವಾರ ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ರಾಹುಕಾಲ. ಲೆಕ್ಕದ ಫೈಲುಗಳನ್ನು ರಾಹುಕಾಲದಲ್ಲಿ ಯಾರಾದರೂ ನಕಲು ಮಾಡುತ್ತಾರೆಯೇ? ವಿಶ್ವವಿದ್ಯಾಲಯದಲ್ಲಿ ಓದಿದ ನಾನು ಇದನ್ನು ಖಂಡಿಸಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಪುಟದ ಕೆಳಗೆ ವಾರದ ಒಂದೊಂದು ದಿನಕ್ಕೂ ಬೇರೆ ಬೇರೆ ಹೊತ್ತು ಬರೆಯಲು ಜಾಗವಿರುವುದು ಕಾಣಿಸಿತು. ಸಮುದ್ರದಾಚೆ ಕೂತು ಈ ಸಾಫ್ಟ್‌ವೇರ್ ಬರೆದವನಿಗೆ ರಾಹುಕಾಲ ಗೊತ್ತಿತ್ತೋ ಏನೋ. ನಾನು ಬಾಯಿ ಮುಚ್ಚಿ ಪಂಚಾಂಗ ನೋಡಿಕೊಂಡು ಹೊತ್ತುಗಳನ್ನು ತುಂಬಿದೆ. ಅಮಾವಾಸ್ಯೆಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ.

ಮೊದಲ ದಿನ ಟೇಪು ಸುತ್ತಿತು, ನಿಂತಿತು. 'ಯಶಸ್ವಿಯಾಗಿ ಮುಗಿದಿದೆ' ಎಂಬ ಅರ್ಥದ ಸಾಲು ತೆರೆಯ ಮೇಲೆ ಬಂತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಎದ್ದು ಊಟಕ್ಕೆ ಹೋಗುತ್ತಿದ್ದರು. ಔಷಧದ ಬಾಟಲಿಯ ಮೇಲಿನ ಸಣ್ಣ ಅಕ್ಷರವನ್ನೂ ಬಿಡದೆ ಓದುವ ನಾನು ವರದಿಯನ್ನು ಕೊನೆಯವರೆಗೆ ಓದಿದೆ. ಕೊನೆಯಲ್ಲಿ, ತೆರೆದಿದ್ದ ಕಾರಣಕ್ಕೆ ಒಂದು ಫೈಲನ್ನು ಬಿಟ್ಟಿದ್ದೇನೆ ಎಂದಿತ್ತು. ಒಂದೇ ಒಂದು. ಶೇಷಾದ್ರಿಯವರ ಹಳೆಯ ಟಿಪ್ಪಣಿಗಳು, ಯಾರೋ ಇಳಿಸಿಕೊಂಡಿದ್ದ ಇಸ್ಪೀಟಿನಾಟ, ನಂಜುಂಡಪ್ಪನವರ ಮಗಳ ಮದುವೆಯ ಅಡುಗೆ ಸಾಮಾನಿನ ವಿವರ, ಎಲ್ಲವೂ ಟೇಪಿನಲ್ಲಿ ಭದ್ರವಾಗಿದ್ದವು. ಬಿಟ್ಟುಹೋದದ್ದು ಮುನಿಸ್ವಾಮಪ್ಪನವರ ಹಾಸು ಮಾತ್ರ.

ಇನ್ನೊಂದು ಹೆಸರಿನಲ್ಲಿ ಅದರ ಪ್ರತಿ ಮಾಡೋಣವೆಂದರೆ ಆ ಡಿಸ್ಕಿನಲ್ಲಾಗಲಿ ಉಳಿದ ಕಂಪ್ಯೂಟರುಗಳಲ್ಲಾಗಲಿ ಅಷ್ಟು ಜಾಗವಿಲ್ಲ. ಉಳಿದದ್ದು ಒಂದೇ ದಾರಿ. ಸ್ವಲ್ಪ ಹೊತ್ತು ಫೈಲು ಮುಚ್ಚಿ ಮಾಮ, ಟೇಪಿಗೆ ಹೋದ ಮೇಲೆ ಮತ್ತೆ ತೆರೆದುಕೊಡುತ್ತೇನೆ ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ತೆರೆಯ ಮೇಲೆ ಅವರ ಕೊನೆಯ ಅಂಚು ಅರ್ಧಕ್ಕೆ ನಿಂತಿತ್ತು. ಎದುರುಬದುರು ನಿಲ್ಲಬೇಕಾದ ಜೋಡಿ ನವಿಲುಗಳಲ್ಲಿ ಒಂದು ಮುಗಿದಿತ್ತು. ಇನ್ನೊಂದಕ್ಕೆ ಕಾಲು ಬಂದಿತ್ತು, ಮೈ ಬಂದಿರಲಿಲ್ಲ.

'ಅರ್ಧ ನೇಯ್ದಿರೋ ಹಾಸನ್ನ ಮಗ್ಗದಿಂದ ಇಳಿಸೋದುಂಟೇನಮ್ಮ?' ಎಂದರು. 'ನವಿಲು ಮುಗೀಲಿ. ಆಗ ನೀನು ಹೇಳ್ದಂಗೆ ಕೇಳ್ತೀನಿ.'

ನವಿಲು ಮುಗಿಯುವ ಲಕ್ಷಣವಿರಲಿಲ್ಲ. ದಿನಕ್ಕೆ ಒಂದು ಗರಿ ಬರೆದು ಎರಡು ಅಳಿಸುತ್ತಿದ್ದರು. ಒಂದು ಕೀಲಿ ಒತ್ತಿದರೆ ಮೊದಲ ನವಿಲೇ ತಿರುಗಿ ನಿಂತು ಎರಡನೆಯದಾಗುತ್ತದೆ ಎಂದು ತೋರಿಸಿಕೊಟ್ಟೆ. ಅವರು ನೋಡಿದರು, ತಲೆಯಾಡಿಸಿದರು. 'ಕನ್ನಡಿ ನೋಡ್ಕೊಳ್ಳೋ ನವಿಲು ಬೇರೆ ಕಣಮ್ಮ, ಎದುರಿಗೆ ಬಂದು ನಿಂತಿರೋ ನವಿಲು ಬೇರೆ.' ಗಣಿತದ ಪ್ರಕಾರ ಎರಡೂ ಒಂದೇ ಎಂದು ವಾದಿಸಬಹುದಿತ್ತು. ಆದರೆ ಆ ವಾದವನ್ನು ನವಿಲುಗಳ ಮುಂದೆ ಮಂಡಿಸುವ ಧೈರ್ಯ ಬರಲಿಲ್ಲ.

ಅವರು ಊಟಕ್ಕೆ ಹೋದಾಗ ಟವೆಲ್ಲು ಸರಿಸಿ ನಾನೇ ಮುಚ್ಚಿಬಿಡಬಹುದಿತ್ತು. ಶೇಷಾದ್ರಿಯವರು ಅದನ್ನೇ ಸೂಚಿಸಿದರು. ನನಗಾಗಲಿಲ್ಲ. ನನ್ನ ಡ್ರಾಯರನ್ನು ಯಾರಾದರೂ ಒಳ್ಳೆಯ ಉದ್ದೇಶದಿಂದ ತೆರೆದರೂ ನಾನು ಕ್ಷಮಿಸುವುದಿಲ್ಲ. ಅಷ್ಟಲ್ಲದೆ, ಫೈಲು ಮುಚ್ಚಿ ಡಿಸ್ಕು ಅದೇ ಕ್ಷಣ ಪ್ರಾಣ ಬಿಟ್ಟರೆ? ಮಾಡಿದ್ದು ಅವರು ಎಂದಾದರೆ ವಿಧಿ, ನಾನು ಎಂದಾದರೆ ಕಳ್ಳತನ. ಈ ನಡುವೆ ಒಂದು ಮಧ್ಯಾಹ್ನ ಕರೆಂಟು ಹೋಗಿ ಯುಪಿಎಸ್ ಕೂಗಲು ಶುರುಮಾಡಿತು. ನಾನು ಎದ್ದು ಹೋಗಿ ಅದರ ಪಕ್ಕದಲ್ಲಿ ನಿಂತುಕೊಂಡೆ. ಏನೂ ಮಾಡುವ ಹಾಗಿರಲಿಲ್ಲ, ಐಸಿಯು ಮುಂದೆ ನಿಂತ ನೆಂಟರ ಹಾಗೆ ಸುಮ್ಮನೆ ನಿಂತಿದ್ದೆ. ಕರೆಂಟು ಬಂತು. ಬಂದಾಗ ನಾನು ಒಂದು ನಿರ್ಧಾರಕ್ಕೆ ಬಂದಿದ್ದೆ.

ಗ್ಲೋಬಲ್ ಸೆಟ್ಟಿಂಗ್ಸಿನಲ್ಲಿ, ಫೈಲು ತೆರೆದಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆಯಿದೆ. 'ಬಿಟ್ಟು ಮುಂದೆ ಹೋಗು' ಎಂದಿದ್ದದ್ದನ್ನು ತೆಗೆದು 'ಮುಚ್ಚುವವರೆಗೆ ಕಾಯು' ಎಂದು ಗುರುತು ಹಾಕಿದೆ. ಅದರ ಕೆಳಗೆ ಇನ್ನೊಂದು ಸಾಲು: ಅಲ್ಲಿಯವರೆಗೆ ಬೇರೆ ಯಾರೂ ಯಾವ ಫೈಲನ್ನೂ ತೆರೆಯದಂತೆ ತಡೆಯಬೇಕೇ? ತಡೆಯಬೇಕು ಎಂದೆ. ಒಬ್ಬರಿಗೆ ಮಾತ್ರ ಹೀಗೆ ಮಾಡಲು ಬರುವುದಿಲ್ಲ, ಎಲ್ಲರಿಗೂ ಒಂದೇ ಉಪ್ಪು. ಅದು ಅಮಾವಾಸ್ಯೆಯ ಹಿಂದಿನ ದಿನ. ಊಟದ ಹೊತ್ತಿಗೆ ಬ್ಯಾಕಪ್ ಶುರುವಾಯಿತು, ನವಿಲಿನ ಹತ್ತಿರ ಬಂದು ನಿಂತಿತು.

ಊಟ ಮುಗಿಸಿ ಬಂದ ಶೇಷಾದ್ರಿಯವರು ತಮ್ಮ ಕಂಪ್ಯೂಟರು ಬಾಗಿಲು ಹಾಕಿಕೊಂಡಿರುವುದನ್ನು ಕಂಡರು. ಏನಾಯಿತೆಂದು ಹೇಳಿದೆ.

'ಅಲ್ಲಮ್ಮ, ಒಬ್ಬರ ನವಿಲಿಗೋಸ್ಕರ ಊರೆಲ್ಲ ಉಪವಾಸ ಕೂರಬೇಕಾ?' ಎಂದರು.

'ಹೌದು ಸಾರ್' ಎಂದೆ.

ಅಷ್ಟು ಚಿಕ್ಕ ಉತ್ತರ ಅವರು ನಿರೀಕ್ಷಿಸಿರಲಿಲ್ಲ. ಹೋಗಿ ನಂಜುಂಡಪ್ಪನವರನ್ನು ಕರೆತಂದರು. ನಂಜುಂಡಪ್ಪನವರು ಎಲ್ಲ ಕೇಳಿ, ಒಂದು ಕುರ್ಚಿ ಎಳೆದುಕೊಂಡು ಮುನಿಸ್ವಾಮಪ್ಪನವರ ಬೆನ್ನ ಹಿಂದೆ ಕೂತರು. ಯಜಮಾನರು ಕೂತರೆಂದು ಶೆಡ್ಡಿನಿಂದ ಇಬ್ಬರು ಬಂದರು. ಅವರನ್ನು ನೋಡಿ ಇನ್ನೂ ನಾಲ್ವರು. ಯಾರೋ ಚಹಾ ತರಿಸಿದರು. ಕತ್ತು ಇನ್ನೂ ಸ್ವಲ್ಪ ಮೇಲೆ ಬರಲಿ ಎಂದು ಒಬ್ಬರು, ಜುಟ್ಟು ಮೊದಲು ಬರೆದರೆ ಸಲೀಸು ಎಂದು ಮತ್ತೊಬ್ಬರು. ಮುನಿಸ್ವಾಮಪ್ಪನವರ ಕೈ ಮೌಸಿನ ಮೇಲೆ ಅಲುಗಾಡದೆ ಕೂತಿತ್ತು. 'ಹೆಣ್ಣು ನೋಡೋಕೆ ಬಂದೋರ ಥರ ಸುತ್ತ ಕೂತ್ರೆ ನಾನೇನ್ ಬರೀಲಿ?' ಎಂದು ತಮಗೆ ತಾವೇ ಹೇಳಿಕೊಂಡರು. ನನ್ನ ಹೊರತು ಯಾರಿಗೂ ಅದು ಕೇಳಿಸಲಿಲ್ಲ. ಯಾರಾದರೂ ನೋಡುತ್ತಿದ್ದರೆ ಪೆನ್ನು ಕೂಡ ಹಿಡಿಯಲಾಗದ ಕಷ್ಟ ನನಗೆ ಚೆನ್ನಾಗಿ ಗೊತ್ತು.

ಎದ್ದು ನಿಂತೆ. 'ಯಜಮಾನರೇ, ನೀವು ಸ್ವಲ್ಪ ಹೊರಗೆ ಹೋಗಿರಬೇಕು. ಎಲ್ಲರೂ' ಎಂದೆ. ಆ ಕಚೇರಿಯಲ್ಲಿ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಮಗ್ಗದ ಸದ್ದಿನ ಮೇಲೂ ಅದು ಕೇಳಿಸಿದ್ದು ನನಗೇ ಆಶ್ಚರ್ಯ. ನಂಜುಂಡಪ್ಪನವರು ನನ್ನನ್ನು ನೋಡಿದರು, ಚಹಾದ ಲೋಟ ನೋಡಿದರು, ಲೋಟ ಹಿಡಿದುಕೊಂಡೇ ಎದ್ದರು. ಅವರ ಹಿಂದೆ ಎಲ್ಲರೂ. ಬಾಗಿಲು ಹಾಕಿ, ನಾನೂ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತೆ. ಹೊರಗೆ ಸೀರೆಯ ಬಂಡಲುಗಳ ಮೇಲೆ ಯಜಮಾನರು, ಅಕೌಂಟೆಂಟು, ಅರ್ಧ ಶೆಡ್ಡು ಕಾದು ಕೂತಿತ್ತು. ಒಳಗೆ ಟೇಪು ಕಾದಿತ್ತು. ನಾನು ಗೋಡೆಯ ಮೇಲಿನ ಸುಣ್ಣದ ಬಿರುಕನ್ನು ನೋಡುತ್ತಾ ಕೂತೆ. ಹಿಂದೆ ಮೌಸಿನ ಸದ್ದು ನಿಂತು ನಿಂತು ಬರುತ್ತಿದ್ದದ್ದು ನಿಧಾನವಾಗಿ ಒಂದು ಲಯಕ್ಕೆ ಬಂತು, ಆಮೇಲೆ ಅದನ್ನು ನಾನು ಕೇಳುವುದನ್ನೇ ಮರೆತೆ.

'ಬಾಮ್ಮ, ನೋಡು' ಎಂದು ಅವರು ಕರೆದಾಗ ಹೊರಗಿನ ಬಿಸಿಲು ಹಳದಿಯಾಗಿತ್ತು. ಎರಡನೆಯ ನವಿಲು ಎದುರಿಗೆ ಬಂದು ನಿಂತಿತ್ತು. ಕತ್ತು ಒಂದಿಷ್ಟು ಬಾಗಿತ್ತು, ಮೊದಲನೆಯದು ಏನೋ ಹೇಳುತ್ತಿದೆ, ಇದು ಇನ್ನೂ ಒಪ್ಪಿಲ್ಲ ಎಂಬ ಹಾಗೆ. ಕೀಲಿ ಒತ್ತಿದ್ದರೆ ಇದು ಬರುತ್ತಿರಲಿಲ್ಲ.

ಅವರು ಮೌಸನ್ನು ಮುಚ್ಚುವ ಗುರುತಿನ ಹತ್ತಿರ ಒಯ್ದು ಕೈ ತೆಗೆದರು. 'ಬರ್ದಿದ್ದು ಎಲ್ಲೂ ಹೋಗಲ್ಲ ಅಂದಿದ್ದೆ ನೀನು.'

'ಅಂದಿದ್ದೆ ಮಾಮ.'

'ಇನ್ನೊಂದ್ಸಲ ಅನ್ನು.'

ನೂರಕ್ಕೆ ತೊಂಬತ್ತು ಭಾಗ ಹೋಗುವುದಿಲ್ಲ, ಟೇಪು ಸರಿಯಿದ್ದರೆ, ಕೇಬಲ್ಲು ಸಡಿಲವಾಗದಿದ್ದರೆ ಎಂದೆಲ್ಲ ಹೇಳಬೇಕೆಂದು ನನ್ನ ಓದು ಒತ್ತಾಯಿಸಿತು. 'ಹೋಗಲ್ಲ' ಎಂದೆ. ಡಿಸ್ಕು ಟಿಕ್ ಎಂದಿತು. ಬೆರಳಿನಿಂದ ಮೇಜು ಕುಟ್ಟಿದ್ದು ಈ ಸಲ ನಾನು.

ಅವರು ಮುಚ್ಚಿದರು. ತಕ್ಷಣ ಟೇಪು ಉಸಿರು ಬಿಟ್ಟು ಸುತ್ತಲು ಶುರುಮಾಡಿತು. ವರದಿಯ ಕೊನೆಯವರೆಗೆ ಓದಿದೆ, ಈ ಸಲ ಬಿಟ್ಟುಹೋದದ್ದು ಏನೂ ಇರಲಿಲ್ಲ. ಬಾಗಿಲು ತೆರೆದಾಗ ಎಲ್ಲರೂ ಒಳಗೆ ಬಂದರು. ಶೇಷಾದ್ರಿಯವರು, ಇಷ್ಟೇನಾ, ಇದಕ್ಕಾ ಇಷ್ಟು ರಂಪ ಎಂದರು. ಇನ್ನೇನೂ ಭಯವಿಲ್ಲ ತಾನೇ ಎಂದು ನಂಜುಂಡಪ್ಪನವರು ಕೇಳಿದರು. ಇಲ್ಲ, ಎಲ್ಲ ಟೇಪಿನಲ್ಲಿದೆ ಎಂದು ನಾನು ತಜ್ಞರ ಧ್ವನಿಯಲ್ಲಿ ಹೇಳಿದೆ. ಟೇಪಿನಿಂದ ತೆಗೆದು ನೋಡಿದ್ದೀರಾ ಎಂದು ಯಾರೂ ಕೇಳಲಿಲ್ಲ. ಅಷ್ಟು ದೊಡ್ಡ ಫೈಲನ್ನು ಇಳಿಸಿ ನೋಡುವಷ್ಟು ಜಾಗ ನಮ್ಮ ಯಾವ ಕಂಪ್ಯೂಟರಿನಲ್ಲೂ ಇರಲಿಲ್ಲ. ಅದು ಗೊತ್ತಿದ್ದದ್ದು ನನಗೊಬ್ಬಳಿಗೆ. ಟೇಪನ್ನು ಕರ್ಚೀಫಿನಲ್ಲಿ ಸುತ್ತಿ ಕೈಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದೆ. ಭದ್ರತೆಯ ದೃಷ್ಟಿಯಿಂದ ಎಂದು ಎಲ್ಲರಿಗೂ ಹೇಳಿದೆ.

ಮರುದಿನ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಬೆಂಗಳೂರಿಗೆ ಹೊರಟೆ. ಅಮಾವಾಸ್ಯೆ ದಿನ ಯಾರಾದರೂ ಪ್ರಯಾಣ ಮಾಡುತ್ತಾರಾ ಎಂದು ಅಮ್ಮ ಬಾಗಿಲಿಗೆ ಅಡ್ಡ ನಿಂತಳು. ಕಚೇರಿಯ ಕೆಲಸ ಎಂದೆ. ಕಚೇರಿಗೇ ರಜೆಯಲ್ಲವೇ ಎಂದಳು. ಚಪ್ಪಲಿ ಮೆಟ್ಟಿಕೊಂಡೆ. ಬಸ್ಸು ರೈಲ್ವೆ ಗೇಟು ದಾಟುವ ಹೊತ್ತಿಗೆ ನಂಜುಂಡಪ್ಪನವರು ಮೈನ್ ಎಳೆದಿರುತ್ತಾರೆ, ಯುಪಿಎಸ್ ಕೂಗಿ ಕೂಗಿ ಸುಮ್ಮನಾಗಿರುತ್ತದೆ, ಡಿಸ್ಕು ನಿಂತಿರುತ್ತದೆ ಎಂದು ಲೆಕ್ಕ ಹಾಕಿದೆ. ಇನ್ನು ಆ ಹಾಸು ಇರುವುದಾದರೆ ನನ್ನ ಮಡಿಲಲ್ಲಿ. ಪಕ್ಕದಲ್ಲಿ ಕೂತ ಹೆಂಗಸು ಆ ಕರ್ಚೀಫಿನಲ್ಲಿ ಏನಿದೆ ಎಂದು ಕೇಳಿದರು. 'ನವಿಲು' ಎಂದು ಹೇಳಿ ಕಿಟಕಿಯ ಕಡೆ ತಿರುಗಿದೆ. ಅವರು ಸ್ವಲ್ಪ ಸರಿದು ಕೂತರು.

ಎಂಜಿನಿಯರು ಅಂಗಡಿಯ ಬಾಗಿಲು ತೆರೆಯುತ್ತಿದ್ದರು. ಬ್ಯಾಕಪ್ ಸರಿಯಾಗಿ ಆಗಿದೆಯಲ್ಲ, ಮತ್ತೆ ಯಾಕೆ ಅನುಮಾನ ಎಂದು ಕೇಳಿದರು. ಅನುಮಾನವಲ್ಲ, ಖಾತ್ರಿಗೆ ಎಂದೆ. ದೊಡ್ಡ ಡಿಸ್ಕಿದ್ದ ತಮ್ಮ ಕಂಪ್ಯೂಟರಿಗೆ ಟೇಪು ಹಾಕಿದರು. ಅದು ಮುಗಿಯುವವರೆಗೆ ಗೋಡೆಯ ಕಡೆ ತಿರುಗಿ ಕೂತೆ. ಆತ ಕರೆದ ಮೇಲೆ ತಿರುಗಿ ನೋಡಿದೆ. ಮಾವಿನಕಾಯಿ, ಹಂಸ, ರುದ್ರಾಕ್ಷಿ, ಒಂದರ ಕೆಳಗೊಂದು ಇಳಿದು ಬಂದು, ಕೊನೆಯಲ್ಲಿ ಎರಡು ನವಿಲುಗಳು, ಒಂದು ಇನ್ನೂ ಹೇಳುತ್ತಿತ್ತು, ಇನ್ನೊಂದು ಇನ್ನೂ ಒಪ್ಪಿರಲಿಲ್ಲ.

'ಎಲ್ಲ ಬಂದಿದೆ ಮೇಡಂ. ಕ್ಲೋಸ್ ಮಾಡ್ಲಾ?' ಎಂದು ಆತ ಮೌಸಿಗೆ ಕೈ ಹಾಕಿದರು.

'ಬೇಡ, ಇರಲಿ' ಎಂದೆ.